ಮತ್ತೆ ಮತ್ತೆ ಜಾರುವ ಬೆರಳ ಗೆಣ್ಣು: ಓಟ ಬಿಟ್ಟ ಮುಧೋಳ ನಾಯಿಗೆ ಮನೆಯ ಆರೈಕೆ

ಚಿಗರಿ ನಮ್ಮ ಮನೆಗೆ ಬಂದಾಗ ಅವಳಿಗೆ ಐದು ವರ್ಷ. ಅದಕ್ಕೆ ಮೊದಲು ಮುಧೋಳದ ಸೀಮೆಯ ಜಾತ್ರೆಗಳಲ್ಲಿ ಓಟದ ಸ್ಪರ್ಧೆಗೆ ಇಳಿಯುತ್ತಿದ್ದವಳು. ಜಮಖಂಡಿಯಲ್ಲಿ ಕೆಲಸದಲ್ಲಿದ್ದ ನಮ್ಮ ಭಾವ ವರ್ಗವಾಗಿ ಬರುವಾಗ ಶ್ರೀರಂಗಪಟ್ಟಣದ ಹತ್ತಿರವಿರುವ ನಮ್ಮ ತೋಟದ ಮನೆಗೆ ಅವಳನ್ನು ತಂದು ಬಿಟ್ಟರು. "ಎಡಗಾಲಿನ ಒಂದು ಬೆರಳು ಸ್ವಲ್ಪ ಸಡಿಲ, ಅದೊಂದನ್ನು ನೋಡಿಕೊಳ್ಳಮ್ಮ" ಎಂದಷ್ಟೇ ಹೇಳಿದ್ದರು. ಮೊದಲ ಎಂಟು ತಿಂಗಳಲ್ಲಿ ಆ ಬೆರಳು ಮೂರು ಸಲ ಕೀಲು ತಪ್ಪಿತು. ಪ್ರತಿ ಸಲವೂ ನಾನು ಅದನ್ನು ಅದೃಷ್ಟದ ಮಾತೆಂದೇ ಎಣಿಸಿ ಅತ್ತೆ, ಪಟ್ಟಿ ಕಟ್ಟಿಸಿದೆ, ಮತ್ತೆ ಬಿಟ್ಟೆ. ಅದು ಅದೃಷ್ಟದ ಮಾತಾಗಿರಲಿಲ್ಲ ಎಂಬುದು ತಿಳಿಯಲು ನನಗೆ ಒಂದು ನೋಟುಪುಸ್ತಕ ಬೇಕಾಯಿತು. ಮುಧೋಳ, ಕಾರವಾನ್, ಗ್ರೇಹೌಂಡ್ ಅಥವಾ ಇವುಗಳ ಮಿಶ್ರತಳಿಯ ಓಟದ ನಾಯಿಯನ್ನು ಮನೆಗೆ ತಂದುಕೊಂಡವರು ನಮ್ಮ ಮಂಡ್ಯ, ಮೈಸೂರಿನ ಕಡೆ ಈಗ ಅಲ್ಲಲ್ಲಿ ಸಿಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಾದದ ಪರಿಚಯ ಮಾಡಿಕೊಳ್ಳಿ

ನಾಯಿ ನೆಮ್ಮದಿಯಾಗಿ ಮಲಗಿರುವಾಗ ಅದರ ಪಾದವನ್ನು ಕೈಯಲ್ಲಿ ಹಿಡಿದು ಕುಳಿತುಕೊಳ್ಳಿ. ಮುಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದೆ ಮೇಲೆ ಇರುವ ಪುಟ್ಟ ಬೆರಳು ಮೊದಲನೆಯದು. ಅಲ್ಲಿಂದ ಹೊರಕ್ಕೆ ಎಣಿಸಿದರೆ ಎರಡು, ಮೂರು, ನಾಲ್ಕು, ಐದು. ನಡುವಿನ ಮೂರು ಮತ್ತು ನಾಲ್ಕನೆಯ ಬೆರಳುಗಳೇ ಮೈಭಾರವನ್ನು ಹೆಚ್ಚಾಗಿ ಹೊರುವವು. ಎರಡು ಮತ್ತು ಐದನೆಯವು ತಿರುವಿನಲ್ಲಿ ನೆಲವನ್ನು ಕಚ್ಚಿ ಹಿಡಿಯುತ್ತವೆ. ವೈದ್ಯರೊಡನೆ ಮಾತನಾಡುವಾಗ "ಎಡ ಮುಂಗಾಲಿನ ಐದನೆಯ ಬೆರಳು" ಎಂದು ಹೇಳಲು ಬಂದರೆ ಅರ್ಧ ಗೊಂದಲ ತಪ್ಪುತ್ತದೆ.

ನಮ್ಮ ಕಡೆ ಕಬ್ಬಿಗೂ ಬೆರಳಿಗೂ ಒಂದೇ ಪದ: ಗೆಣ್ಣು. ಭಾರ ಹೊರುವ ಪ್ರತಿ ಬೆರಳಲ್ಲೂ ಮೂರು ಸಣ್ಣ ಮೂಳೆಗಳಿವೆ, ನಡುವೆ ಎರಡು ಗೆಣ್ಣುಗಳು. ಬೆರಳು ಪಾದವನ್ನು ಸೇರುವಲ್ಲಿ ಇನ್ನೊಂದು. ಕಬ್ಬಿನ ಗೆಣ್ಣು ತಾನೇ ಗಟ್ಟಿ. ಬೆರಳ ಗೆಣ್ಣು ಹಾಗಲ್ಲ, ಅದರ ಎರಡು ಪಕ್ಕದಲ್ಲಿ ಲಿಗಮೆಂಟ್ ಎಂಬ ಪಟ್ಟಿಗಳು ಬಿಗಿದು ಹಿಡಿದಿರುವುದರಿಂದಲೇ ಅದು ನಿಂತಿದೆ. ಒಂದು ಪಕ್ಕದ ಪಟ್ಟಿ ಹರಿದರೆ ಮೂಳೆ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಓಟದ ನಾಯಿಗಳಲ್ಲಿ ಹೆಚ್ಚಾಗಿ ಜಾರುವುದು ನಡುವಿನ ಗೆಣ್ಣು, ಅಂದರೆ ಉಗುರಿನಿಂದ ಮೇಲಕ್ಕೆ ಎಣಿಸಿದರೆ ಎರಡನೆಯದು.

ಇವೇ ನಾಯಿಗಳಿಗೆ ಯಾಕೆ ಹೀಗಾಗುತ್ತದೆ? ಇವು ನಾಗಾಲೋಟದಲ್ಲಿ ಒಂದು ಹೆಜ್ಜೆಯ ಸುತ್ತಿನಲ್ಲಿ ಎರಡು ಸಲ ನಾಲ್ಕೂ ಕಾಲುಗಳನ್ನು ನೆಲದಿಂದ ಬಿಡುತ್ತವೆ. ಮತ್ತೆ ನೆಲಕ್ಕಿಳಿಯುವಾಗ ಇಡೀ ದೇಹದ ಭಾರ ಕೆಲವು ಕ್ಷಣ ಒಂದೇ ಪಾದದ ಮೇಲೆ ಬೀಳುತ್ತದೆ. ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಬ್ರಿಟನ್, ಆಸ್ಟ್ರೇಲಿಯಾದ ಗ್ರೇಹೌಂಡ್ ಓಟಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವ ಅಂಕಣದಲ್ಲಿ ನಡೆಯುವುದರಿಂದ ಎಡಕ್ಕೆ ತಿರುಗುವಾಗ ತಿರುವಿನ ಒಳಬದಿಗೆ ಬೀಳುವ ಮೂಳೆಗಳಿಗೆ, ಅಂದರೆ ಎಡಪಾದದ ಐದನೆಯದಕ್ಕೂ ಬಲಪಾದದ ಎರಡನೆಯದಕ್ಕೂ ಪೆಟ್ಟು ಹೆಚ್ಚು. ಚಿಗರಿಯಂತೆ ಹೊಲದ ಅಂಕಣದಲ್ಲಿ ಓಡಿದವಕ್ಕೆ ಅಂಥ ನಿಯಮವಿಲ್ಲ. ಅವಳ ಮೈಯೇ ಎಡಕ್ಕೆ ತಿರುಗುವ ರೂಢಿ ಮಾಡಿಕೊಂಡಿತ್ತು.

ಬೆರಳು ಜಾರಿದ ಮೊದಲ ಒಂದು ಗಂಟೆ

ನಾಯಿ ಓಡುತ್ತಿದ್ದದ್ದು ಒಮ್ಮೆಲೇ ನಿಲ್ಲುತ್ತದೆ, ಕೆಲವೊಮ್ಮೆ ಒಂದು ಚೀರಾಟ ಕೇಳುತ್ತದೆ, ಆಮೇಲೆ ಮೂರು ಕಾಲಲ್ಲಿ ಬರುತ್ತದೆ. ಪಾದವನ್ನು ನೋಡಿದರೆ ಒಂದು ಬೆರಳು ಸಾಲಿನಿಂದ ಹೊರಗೆ ವಾಲಿರುತ್ತದೆ. ಕೆಲವು ಸಲ ಅದು ತಾನಾಗಿಯೇ ಜಾಗಕ್ಕೆ ಬಂದುಬಿಡುತ್ತದೆ. ಆಗ ಗೆಣ್ಣಿನ ಸುತ್ತ ಊತ ಮತ್ತು ಬಿಸಿ ಮಾತ್ರ ಕೈಗೆ ಸಿಗುತ್ತದೆ.

ಮೊದಲು ಬಾಯಿ ಕಟ್ಟಿ. ಜೀವದಂತೆ ಪ್ರೀತಿಸುವ ನಾಯಿಯೂ ನೋವಿನಲ್ಲಿ ಕಚ್ಚುತ್ತದೆ. ಓಟದ ನಾಯಿಯ ಉದ್ದ ಮೂತಿಗೆ ಮೆತ್ತನೆಯ ಹತ್ತಿಬಟ್ಟೆಯ ಪಟ್ಟಿಯನ್ನು ಸುತ್ತಿ, ಗಲ್ಲದ ಕೆಳಗೆ ಅಡ್ಡ ಹಾಯಿಸಿ, ಕಿವಿಯ ಹಿಂದೆ ಗಂಟು ಹಾಕಿದರೆ ಸಾಕು. ಏದುಸಿರು ಬಿಡುತ್ತಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಹಾಗೆ ಕಟ್ಟಬೇಡಿ, ಉಸಿರು ಕಟ್ಟುತ್ತದೆ. ಆಮೇಲೆ ಎತ್ತಿಕೊಂಡು ಬನ್ನಿ, ನಡೆಸಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಹಿಡಿಯಿರಿ. ಮೊದಲ ಎರಡು ದಿನ ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಬಹುದು. ಬಿಸಿ ನೀರಿನ ಶಾಖ, ಎಣ್ಣೆ ಹಚ್ಚಿ ತಿಕ್ಕುವುದು ಬೇಡ, ಊತ ಹೆಚ್ಚುತ್ತದೆ.

ಬೆರಳನ್ನು ನೀವೇ ಎಳೆದು ಕೂರಿಸಬೇಡಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಎರಡನೆಯ ಸಲ ನಮ್ಮ ಮನೆಯಲ್ಲೇ ಅದು ನಡೆಯಿತು. ದನಗಳ ಮೂಳೆ ಕಟ್ಟುವುದರಲ್ಲಿ ಕೈ ಪಳಗಿದ ಹಿರಿಯರೊಬ್ಬರು "ಬಿಡು ತಾಯಿ, ಒಂದು ಕ್ಷಣದ ಕೆಲಸ" ಎಂದು ಬೆರಳನ್ನು ಎಳೆದು ಕೂರಿಸಿದರು. ಕೂತಿತು ನಿಜ. ಆದರೆ ಲಿಗಮೆಂಟ್ ಎಷ್ಟೋ ಸಲ ಮೂಳೆಯ ಒಂದು ಚಿಕ್ಕ ಚೂರನ್ನೂ ಕಿತ್ತುಕೊಂಡೇ ಹರಿಯುತ್ತದೆ. ಆ ಚೂರು ಗೆಣ್ಣಿನೊಳಗೆ ಸಿಕ್ಕಿಕೊಂಡಿದ್ದರೆ ಎಳೆದು ಕೂರಿಸಿದಾಗ ಕೀಲಿನ ನುಣುಪು ಪದರ ಉಜ್ಜಿಹೋಗುತ್ತದೆ. ಮೂರನೆಯ ಸಲದ ಎಕ್ಸ್-ರೇಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಆ ಚೂರು ಕಾಣಿಸಿತು. ಅದು ಯಾವ ಸಲ ಒಡೆದದ್ದು ಎಂದು ಹೇಳಲು ಯಾರಿಗೂ ಆಗಲಿಲ್ಲ.

ಮನೆಯ ಮಾತ್ರೆ ಡಬ್ಬಿಯನ್ನು ಮುಟ್ಟಬೇಡಿ. ನಾವು ನುಂಗುವ ಐಬುಪ್ರೊಫೇನ್, ಡೈಕ್ಲೋಫಿನಾಕ್ ನಾಯಿಯ ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಸಿಟಮಾಲ್ ಕೂಡ ಅಳತೆ ತಪ್ಪಿದರೆ ವಿಷವೇ. ರಣಹದ್ದುಗಳ ಸಾವಿಗೆ ಕಾರಣವಾಯಿತೆಂದು ಡೈಕ್ಲೋಫಿನಾಕ್ ಅನ್ನು 2006ರಲ್ಲಿಯೇ ಪಶುಗಳ ಚಿಕಿತ್ಸೆಯಿಂದ ನಿಷೇಧಿಸಲಾಗಿದೆ. ಆದರೆ ಮೊಣಕಾಲು ನೋವಿಗೆ ಹಚ್ಚುವ ಅದರ ಮುಲಾಮು ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಹಚ್ಚಿದರೆ ನಾಯಿ ನೆಕ್ಕುತ್ತದೆ, ಅದು ನುಂಗಿಸಿದಂತೆಯೇ. ನೋವಿಗೆ ಸಾಮಾನ್ಯವಾಗಿ ವೈದ್ಯರು ಮೆಲಾಕ್ಸಿಕ್ಯಾಮ್ ಬರೆಯುತ್ತಾರೆ, ನಾಯಿಯನ್ನು ತೂಗಿ ಅದರ ತೂಕಕ್ಕೆ ತಕ್ಕಂತೆ. ಹೊಟ್ಟೆ ತುಂಬಿಸಿದ ಮೇಲೆ ಕೊಡಿ, ಹೇಳಿದ ದಿನಕ್ಕೆ ನಿಲ್ಲಿಸಿ.

ವೈದ್ಯರ ಬಳಿ ಕೇಳಬೇಕಾದದ್ದು

ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ, ನೋವಿನ ಚುಚ್ಚುಮದ್ದು ಸಿಗುತ್ತವೆ. ಬೆರಳಿನ ಒಳ್ಳೆಯ ಎಕ್ಸ್-ರೇಗೆ ನಾವು ಮೈಸೂರಿಗೆ ಹೋಗುತ್ತೇವೆ. ಎರಡು ಕೋನಗಳಿಂದ ಎಕ್ಸ್-ರೇ ತೆಗೆಯಲು ಕೇಳಿ; ಪಕ್ಕದಿಂದ ತೆಗೆಯುವಾಗ ಆ ಬೆರಳನ್ನು ಉಳಿದವುಗಳಿಂದ ಬಿಡಿಸಿ ಹಿಡಿಯಬೇಕು, ಇಲ್ಲದಿದ್ದರೆ ಮೂಳೆಗಳು ಒಂದರ ಮೇಲೊಂದು ಬಿದ್ದು ಏನೂ ತಿಳಿಯುವುದಿಲ್ಲ.

ಮತ್ತು ಒಂದು ಮಾತನ್ನು ನೀವೇ ಮುಂದಾಗಿ ಹೇಳಲೇಬೇಕು: "ಡಾಕ್ಟರೇ, ಇದು ಓಟದ ತಳಿ, ಮೈಯಲ್ಲಿ ಕೊಬ್ಬಿಲ್ಲ, ಅರಿವಳಿಕೆ ಕೊಡುವಾಗ ದಯವಿಟ್ಟು ಗಮನಿಸಿ." ಬೆರಳು ಕೂರಿಸಲು ಅರಿವಳಿಕೆ ಕೊಡಬೇಕಾಗುತ್ತದೆ. ಥಯೋಪೆಂಟಾಲ್‌ನಂಥ ಹಳೆಯ ಅರಿವಳಿಕೆಗಳು ಈ ತಳಿಗಳ ದೇಹದಿಂದ ಬಹಳ ನಿಧಾನವಾಗಿ ಇಳಿಯುತ್ತವೆ, ಎಚ್ಚರವಾಗುವುದು ಗಂಟೆಗಟ್ಟಲೆ ತಡವಾಗುತ್ತದೆ. ದಿನವೂ ಹಸು ಎಮ್ಮೆಗಳನ್ನು ನೋಡುವ ವೈದ್ಯರಿಗೆ ಇಂಥ ನಾಯಿ ಅಪರೂಪಕ್ಕೆ ಬರುತ್ತದೆ. ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ನನಗಂತೂ ಪ್ರತಿ ಸಲವೂ ಧನ್ಯವಾದವೇ ಸಿಕ್ಕಿದೆ.

ಪಟ್ಟಿಯ ವಾರಗಳು

ಬೆರಳು ಕೂತ ಮೇಲೆ ಪಾದಕ್ಕೆ ಆಸರೆ ಕೊಟ್ಟು ಪಟ್ಟಿ ಕಟ್ಟುತ್ತಾರೆ. ಪೆಟ್ಟಿನ ಆಳಕ್ಕೆ ತಕ್ಕಂತೆ ಮೂರರಿಂದ ಆರು ವಾರ. ಪಟ್ಟಿಯಿಂದ ಆಗುವ ಹಾನಿ ಕೆಲವೊಮ್ಮೆ ಕೀಲು ತಪ್ಪಿದ್ದಕ್ಕಿಂತ ದೊಡ್ಡದು, ಹಾಗಾಗಿ ದಿನವೂ ನೋಡಬೇಕು. ನಡುವಿನ ಎರಡು ಉಗುರಿನ ತುದಿಗಳು ಹೊರಗೆ ಕಾಣುವಂತೆ ಕಟ್ಟಿಸಿಕೊಳ್ಳಿ. ಅವೆರಡೂ ಒಂದರಿಂದ ಒಂದು ದೂರ ಸರಿಯುತ್ತಿದ್ದರೆ ಒಳಗೆ ಊತ ಏರುತ್ತಿದೆ ಎಂದರ್ಥ. ಬೆರಳು ತಣ್ಣಗಾಗಿದ್ದರೆ, ಪಟ್ಟಿಯಿಂದ ಕೆಟ್ಟ ವಾಸನೆ ಬಂದರೆ, ಅಥವಾ ಅಲ್ಲಿಯವರೆಗೆ ಸುಮ್ಮನಿದ್ದ ನಾಯಿ ಪಟ್ಟಿಯನ್ನು ಕಚ್ಚತೊಡಗಿದರೆ ನಾಳೆಯವರೆಗೆ ಕಾಯಬೇಡಿ, ಅದೇ ದಿನ ಬಿಚ್ಚಿಸಿ.

ಒದ್ದೆ ಪಟ್ಟಿ ಹುಣ್ಣು ಮಾಡುತ್ತದೆ. ಬಯಲಿಗೆ ಕರೆದೊಯ್ಯುವಾಗ ಮಾತ್ರ ದಪ್ಪ ಪ್ಲಾಸ್ಟಿಕ್ ಚೀಲ ಸುತ್ತಿ, ಒಳಗೆ ಬಂದ ಕೂಡಲೇ ತೆಗೆಯಿರಿ. ಬಿಟ್ಟರೆ ಬೆವರಿ ಒಳಗೇ ಒದ್ದೆಯಾಗುತ್ತದೆ. ಬೆರಳುಗಳ ಸಂದಿಗೆ ಹತ್ತಿ ಇಟ್ಟಿದ್ದಾರೆಯೇ ಎಂದು ಕೇಳಿ ನೋಡಿಕೊಳ್ಳಿ. ಕಚ್ಚುವುದನ್ನು ತಡೆಯಲು ಅಗಲವಾದ ಕೊರಳಪಟ್ಟಿ ಇಲ್ಲದಿದ್ದಾಗ ನಾನು ಕರುವಿಗೆ ಹಾಕುವ ಬಾಯಿಕುಕ್ಕೆಯನ್ನು ಸಣ್ಣದಾಗಿ ಹೆಣೆಸಿ ಹಾಕಿದೆ. ಉಸಿರಾಟಕ್ಕೂ ನೀರು ಕುಡಿಯಲಿಕ್ಕೂ ತೊಂದರೆಯಾಗಲಿಲ್ಲ. ಒಬ್ಬಳನ್ನೇ ಬಿಟ್ಟು ಹೋಗುವಾಗ ಮಾತ್ರ ಅದನ್ನು ತೆಗೆದಿಡುತ್ತಿದ್ದೆ.

ಪಟ್ಟಿ ಬಿಚ್ಚಿದ ದಿನವೇ ಗಂಡಾಂತರದ ದಿನ. ಕುಂಟು ಹೋಗಿರುತ್ತದೆ, ನಾಯಿಗೆ ಹುರುಪು ಉಕ್ಕುತ್ತಿರುತ್ತದೆ, ಆದರೆ ಲಿಗಮೆಂಟ್ ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೊದಲ ಎರಡು ವಾರ ಹಗ್ಗ ಹಿಡಿದು ಐದೈದು ನಿಮಿಷದ ನಡಿಗೆ, ದಿನಕ್ಕೆ ನಾಲ್ಕು ಸಲ. ಆಮೇಲೆ ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತಾ ಹೋಗಿ. ಹಗ್ಗ ಬಿಟ್ಟ ಓಟ ಮೂರು ತಿಂಗಳಿಗೆ ಮೊದಲು ಬೇಡ.

ಉಗುರು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ.

ಉದ್ದ ಉಗುರು ಎಂದರೆ ಬೆರಳಿಗೆ ಕಟ್ಟಿದ ಹಾರೆ. ಉಗುರಿನ ತುದಿ ನೆಲಕ್ಕೆ ಸಿಕ್ಕಿಕೊಂಡಾಗ ಅದರ ಬಲವೆಲ್ಲ ಗೆಣ್ಣಿನ ಮೇಲೆ ಮೀಟಿದಂತೆ ಬೀಳುತ್ತದೆ. ನಾಯಿ ನಿಂತಾಗ ಉಗುರು ನೆಲಕ್ಕೆ ಒತ್ತುತ್ತಿದ್ದರೆ ಬೆರಳು ದಿನವಿಡೀ ಸ್ವಲ್ಪ ತಿರುಚಿಕೊಂಡೇ ಇರುತ್ತದೆ. ಒಳಗೆ ನಡೆಯುವಾಗ ಟಕ್ ಟಕ್ ಸದ್ದು ಕೇಳಿದರೆ ಉಗುರು ಬೆಳೆದಿದೆ ಎಂದರ್ಥ.

ಒಂದೇ ಸಲ ಗಿಡ್ಡ ಮಾಡಲು ಆಗದು. ಉಗುರಿನೊಳಗೆ ರಕ್ತನಾಳ ಮತ್ತು ನರ ಇರುವ ಜೀವದ ಭಾಗವಿದೆ, ಉಗುರು ಉದ್ದವಾದಂತೆ ಅದೂ ಮುಂದೆ ಬಂದಿರುತ್ತದೆ. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಹೋದರೆ ಜೀವದ ಭಾಗ ತಾನೇ ಹಿಂದೆ ಸರಿಯುತ್ತದೆ. ಚಿಗರಿಯ ಉಗುರು ಸರಿಯಾದ ಅಳತೆಗೆ ಬರಲು ಎರಡೂವರೆ ತಿಂಗಳು ಹಿಡಿಯಿತು. ನಾನು ಮಾಡುವ ಕ್ರಮ ಹೀಗಿದೆ. ಶನಿವಾರ ರಾತ್ರಿ ಊಟವಾದ ಮೇಲೆ ಅವಳು ಜಮಖಾನದ ಮೇಲೆ ಪಕ್ಕಕ್ಕೆ ಮಲಗುತ್ತಾಳೆ. ನಾನು ಅವಳ ಬೆನ್ನ ಹಿಂದೆ ಕುಳಿತು, ಪಾದವನ್ನು ಎಳೆಯದೆ ಅದು ಇರುವಲ್ಲಿಯೇ ಹಿಡಿಯುತ್ತೇನೆ. ಸಡಿಲವಾದ ಬೆರಳಿನ ಗೆಣ್ಣನ್ನು ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಭದ್ರ ಮಾಡಿಕೊಂಡು ಆಮೇಲೆಯೇ ಕತ್ತರಿ ಮುಟ್ಟಿಸುತ್ತೇನೆ, ಇಲ್ಲದಿದ್ದರೆ ಕತ್ತರಿಯ ಒತ್ತಡವೇ ಗೆಣ್ಣನ್ನು ತಿರುಚುತ್ತದೆ. ಬಿಳಿ ಉಗುರಾದರೆ ಮೊಬೈಲಿನ ಬೆಳಕನ್ನು ಹಿಂದಿನಿಂದ ಹಿಡಿದರೆ ಕೆಂಪು ಭಾಗ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಕಾಣುವುದಿಲ್ಲ. ತೆಳ್ಳಗೆ ಚೂರು ಚೂರೇ ತೆಗೆಯುತ್ತಾ ಕತ್ತರಿಸಿದ ಮುಖವನ್ನು ನೋಡಬೇಕು. ಮೊದಲು ಒಣಗಿದ ಬೂದುಬಣ್ಣ ಇರುತ್ತದೆ, ಆಮೇಲೆ ನಟ್ಟನಡುವೆ ತೇವವಾದ ಒಂದು ಚುಕ್ಕೆ ಮೂಡುತ್ತದೆ. ಅಲ್ಲಿಗೆ ನಿಲ್ಲಿಸಿ. ತಪ್ಪಿ ರಕ್ತ ಬಂದರೆ ಕ್ಷೌರದಂಗಡಿಯಲ್ಲಿ ಬಳಸುವ ಪಟಿಕವನ್ನು ಪುಡಿ ಮಾಡಿ ಒತ್ತಿ ಹಿಡಿಯಿರಿ, ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತದೆ. ಕತ್ತರಿಗೆ ಹೆದರುವ ನಾಯಿಗೆ ಅರ ಹಿಡಿದು ಉಜ್ಜಿದರೂ ನಡೆಯುತ್ತದೆ, ಹೊತ್ತು ಹೆಚ್ಚು ಬೇಕು ಅಷ್ಟೆ.

ನೆಲ, ಗದ್ದೆ, ಬದು

ಮನೆಯೊಳಗಿನ ನುಣುಪು ನೆಲ ಈ ನಾಯಿಗಳಿಗೆ ಶತ್ರು. ಗ್ರಾನೈಟ್, ಟೈಲ್ಸ್ ಮೇಲೆ ಎದ್ದು ನಿಲ್ಲುವಾಗ ಬೆರಳುಗಳು ಅಗಲಕ್ಕೆ ಹರಡಿಕೊಳ್ಳುತ್ತವೆ, ಅದೇ ಹೊರಗಿನ ಬೆರಳಿಗೆ ಎಳೆತ. ಇಡೀ ಮನೆಗೆ ಹಾಸಬೇಕಿಲ್ಲ. ಅದು ಮಲಗುವ ಜಾಗ, ಊಟದ ಜಾಗ, ಬಾಗಿಲಿಗೆ ಹೋಗುವ ದಾರಿ, ಇಷ್ಟಕ್ಕೆ ತೆಂಗಿನ ನಾರಿನ ಚಾಪೆ ಹಾಕಿ, ಅಡಿಗೆ ಜಾರದಂತೆ ರಬ್ಬರ್ ಹಾಳೆ ಇಡಿ. ಚಾಪೆಯೇ ಜಾರಿದರೆ ನೆಲಕ್ಕಿಂತ ಕೆಟ್ಟದು. ಮೈಸೂರಿನ ಮಹಡಿ ಮನೆಗಳಲ್ಲಿರುವವರು ಮೆಟ್ಟಿಲ ಬುಡದಲ್ಲಿ ಒಂದು ಚಾಪೆ ತಪ್ಪದೆ ಹಾಕಬೇಕು, ಏಕೆಂದರೆ ಕೊನೆಯ ಮೆಟ್ಟಿಲಿನಿಂದ ನಾಯಿ ಹಾರುತ್ತದೆ.

ಹೊರಗೆ ನಮ್ಮ ಕಡೆಯ ದೊಡ್ಡ ಅಪಾಯ ಕಬ್ಬು ಕಡಿದ ಗದ್ದೆ. ನೋಡಲು ಬಟಾಬಯಲು, ಓಡಲು ಕರೆಯುವಂತೆ ಇರುತ್ತದೆ. ಮೇಲೆ ಒಣಗಿದ ತರಗು, ಅದರ ಅಡಿಯಲ್ಲಿ ಓರೆಯಾಗಿ ಕತ್ತರಿಸಿದ ಕೂಳೆಯ ಮೊನೆಗಳು. ಓಡುವ ಪಾದ ತರಗಿನೊಳಗೆ ಇಳಿದು ಎರಡು ಕೂಳೆಗಳ ನಡುವೆ ಸಿಕ್ಕಿಕೊಂಡರೆ ಮೈ ಮುಂದೆ ಹೋಗುತ್ತದೆ, ಬೆರಳು ಹಿಂದೆ ಉಳಿಯುತ್ತದೆ. ಭತ್ತ ಕೊಯ್ದ ಗದ್ದೆ ಇದಕ್ಕಿಂತ ಮೇಲು, ಆದರೆ ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲಿಯೂ ಬೇಡ. ಗದ್ದೆಯ ಬದುವಿನ ಮೂಲೆಗಳಲ್ಲಿ ನಾಯಿ ಒಮ್ಮೆಲೇ ತಿರುಗುತ್ತದೆ, ಅದೂ ಬೇಡ. ನಾಲೆಯ ಏರಿಯ ಮಣ್ಣುದಾರಿ ನೇರ, ಸಮ, ಅಗಲ. ನಡಿಗೆಗೆ ಅದಕ್ಕಿಂತ ಒಳ್ಳೆಯ ಜಾಗ ನಮಗೆ ಸಿಕ್ಕಿಲ್ಲ, ಹಗ್ಗ ಮಾತ್ರ ಕೈಯಲ್ಲೇ ಇರಬೇಕು.

ಊರ ಹುಡುಗರು "ಅಕ್ಕ, ಒಂದು ದಿನ ಮೊಲಕ್ಕೆ ಬಿಡೋಣ" ಎಂದು ಕೇಳುತ್ತಾರೆ. ಅವರಿಗೆ ಕೊಡುವ ಉತ್ತರ ಒಂದೇ. ಕಾಡುಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದಿರಲಿ, ಮೊಲ ಓಡುವುದೇ ಅಡ್ಡಾದಿಡ್ಡಿ ತಿರುವಿನಲ್ಲಿ. ಸಡಿಲ ಬೆರಳಿನ ನಾಯಿಯನ್ನು ಅದರ ಹಿಂದೆ ಬಿಡುವುದು ಅದರ ಕಾಲನ್ನು ಕೈಯಾರೆ ಮುರಿದಂತೆ.

ಓಡುವ ಆಸೆಯನ್ನು ಪೂರ್ತಿ ಕಟ್ಟಿಹಾಕುವುದು ಕ್ರೌರ್ಯ. ಬೆರಳು ಗಟ್ಟಿಯಾದ ಮೇಲೆ ಮೊದಲು ಹತ್ತು ಹದಿನೈದು ನಿಮಿಷ ನಡೆಸಿ ಮೈ ಬಿಸಿ ಮಾಡಿ, ಆಮೇಲೆ ಬೇಲಿ ಇರುವ ಮಟ್ಟಸ ಜಾಗದಲ್ಲಿ ನೇರವಾಗಿ ಓಡಲು ಬಿಡಿ. ಒಂದು ತುದಿಯಲ್ಲಿ ಒಬ್ಬರು, ಇನ್ನೊಂದು ತುದಿಯಲ್ಲಿ ಒಬ್ಬರು ನಿಂತು ಕರೆದರೆ ತಿರುವಿಲ್ಲದ ಓಟ ಸಿಗುತ್ತದೆ. ಓಟದ ಹೊತ್ತಿಗೆ ಮಾತ್ರ ಸಡಿಲ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಅಂಟುಪಟ್ಟಿ ಸುತ್ತಬಹುದು: ನಡುವೆ ಹತ್ತಿ, ಮೇಲೆ ಎರಡು ಸುತ್ತು, ಮುಗಿದ ಕೂಡಲೇ ಬಿಚ್ಚುವುದು. ಅದನ್ನು ಒಮ್ಮೆ ವೈದ್ಯರ ಕೈಯಲ್ಲಿ ನೋಡಿ ಕಲಿಯಿರಿ. ಚೆಂಡು ಎಸೆಯುವ ಆಟವನ್ನು ನಾವು ಪೂರ್ತಿ ಬಿಟ್ಟೆವು, ಅದರಲ್ಲಿ ಓಟಕ್ಕಿಂತ ತಿರುವೇ ಹೆಚ್ಚು.

ನೋಟುಪುಸ್ತಕ

ಮೂರನೆಯ ಸಲದ ಎಕ್ಸ್-ರೇ ನೋಡಿದ ವೈದ್ಯೆ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಮೂರು ಸಲವೂ ಅವಳು ಏನು ಮಾಡುತ್ತಿದ್ದಳು?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಂದು ಮನೆಗೆ ಬಂದು ಮಗನ ಹಳೆಯ ಶಾಲಾ ಪುಸ್ತಕದ ಖಾಲಿ ಹಾಳೆಯಲ್ಲಿ ನೆನಪಾದದ್ದನ್ನೆಲ್ಲ ಬರೆದೆ. ಮೊದಲನೆಯದು ಕಬ್ಬು ಕಡಿದ ಗದ್ದೆ, ಬೆಳಿಗ್ಗೆ, ಹಗ್ಗ ಬಿಚ್ಚಿದ ಕೂಡಲೇ. ಎರಡನೆಯದು ಬದುವಿನ ಮೂಲೆ, ಬೆಳಿಗ್ಗೆ, ಎಡಕ್ಕೆ ತಿರುಗುವಾಗ. ಮೂರನೆಯದು ಮತ್ತೆ ಗದ್ದೆ, ಬೆಳಿಗ್ಗೆ, ಹಗ್ಗ ಬಿಚ್ಚಿದ ಕೂಡಲೇ, ಉಗುರು ತೆಗೆದು ತಿಂಗಳಾಗಿತ್ತು. ಬರೆದು ಮುಗಿಸಿದಾಗ ನನ್ನ ಕಣ್ಣು ತುಂಬಿತು. ನಾನು ತಡೆಯಬಹುದಾಗಿದ್ದ ಮೂರು ಸಂಗತಿಗಳು ಒಂದರ ಕೆಳಗೊಂದು ಅಲ್ಲಿದ್ದವು: ಬಿಸಿಯಾಗದ ಮೈ, ಕೂಳೆ, ಉಗುರು.

ಹಾಗಾಗಿ ಬರೆದಿಡಿ. ದಿನಾಂಕ, ಹೊತ್ತು, ನೆಲ ಯಾವುದು, ಓಡುತ್ತಿತ್ತೇ ನಡೆಯುತ್ತಿತ್ತೇ, ಯಾವ ಕಡೆಗೆ ತಿರುಗಿತು, ಉಗುರು ತೆಗೆದು ಎಷ್ಟು ದಿನ, ಕುಂಟು ಎಷ್ಟು ದಿನ ಉಳಿಯಿತು. ಪೂರ್ತಿ ಜಾರದೆ ಬರೀ ಕುಂಟಿದ ದಿನಗಳನ್ನೂ ಬರೆಯಿರಿ.

ಈ ಪುಸ್ತಕ ಮುಂದಿನ ದಾರಿಯನ್ನೂ ತೋರಿಸುತ್ತದೆ. ಬೆರಳು ನಾಗಾಲೋಟದಲ್ಲಿ, ಕೆಟ್ಟ ನೆಲದಲ್ಲಿ ಮಾತ್ರ ಜಾರುತ್ತಿದ್ದರೆ ದಿನಚರಿಯನ್ನು ಬದಲಿಸಿ ನೋಡಲು ಅರ್ಥವಿದೆ. ಸುಮ್ಮನೆ ನಡೆಯುವಾಗ, ಮಂಚದಿಂದ ಇಳಿಯುವಾಗ ಜಾರಿದರೆ ಅಲ್ಲಿ ಹಿಡಿದುಕೊಳ್ಳುವಂಥದ್ದು ಏನೂ ಉಳಿದಿಲ್ಲ ಎಂದರ್ಥ. ಆಗ ಚಾಪೆ, ಉಗುರುಗಳ ಮೇಲೆ ಭಾರ ಹಾಕಿ ಕೂರುವುದು ನಾಯಿಗೆ ಮಾಡುವ ಅನ್ಯಾಯ. ದಿನಚರಿ ಬದಲಿಸಿದ ಮೇಲೆ ನಮಗೆ ಹದಿನಾಲ್ಕು ತಿಂಗಳು ನೆಮ್ಮದಿ ಸಿಕ್ಕಿತು. ಆಮೇಲೆ ಒಂದು ಮಧ್ಯಾಹ್ನ ಚಿಗರಿ ಮಲಗಿದ್ದಲ್ಲಿಂದ ಎದ್ದು ಮೈ ಮುರಿಯುವಾಗಲೇ ಬೆರಳು ಜಾರಿತು.

ಶಸ್ತ್ರಚಿಕಿತ್ಸೆಯ ತೀರ್ಮಾನ

ಆಯ್ಕೆಗಳು ಮುಖ್ಯವಾಗಿ ಮೂರು. ಹೊಸ ಪೆಟ್ಟಾಗಿದ್ದು ಕೀಲಿನ ಮೇಲ್ಮೈ ಚೆನ್ನಾಗಿದ್ದರೆ ಹರಿದ ಲಿಗಮೆಂಟನ್ನು ಹೊಲಿಯಬಹುದು. ಮೇಲಿಂದ ಮೇಲೆ ಜಾರಿ ಸವೆದ ಕೀಲಿಗೆ ಅದು ಹೆಚ್ಚು ದಿನ ಬಾಳುವುದಿಲ್ಲ. ಎರಡನೆಯದು ಗೆಣ್ಣಿನ ಎರಡು ಮೂಳೆಗಳನ್ನು ಲೋಹದ ತಂತಿ ಅಥವಾ ತಟ್ಟೆಯಿಂದ ಬೆಸೆಯುವುದು; ಬೆರಳು ಉಳಿಯುತ್ತದೆ, ಬಗ್ಗುವುದಿಲ್ಲ. ಭಾರ ಹೊರುವ ಮೂರು, ನಾಲ್ಕನೆಯ ಬೆರಳುಗಳಿಗೆ ಇದನ್ನು ಯೋಚಿಸುತ್ತಾರೆ. ಮೂರನೆಯದು ಬೆರಳನ್ನೇ ತೆಗೆಯುವುದು.

ತೆಗೆಯುವುದು ಎಂದಾಗ ಎದೆ ಧಸಕ್ಕೆನ್ನುತ್ತದೆ. ನಾನು ಒಂದು ತಿಂಗಳು ಮುಂದೂಡಿದೆ, ಆ ತಿಂಗಳು ಚಿಗರಿ ಮೂರು ಕಾಲಲ್ಲೇ ಕಳೆದಳು. ಇಂದು ಕೇಳಿದರೆ ಆ ತಿಂಗಳನ್ನು ಅವಳಿಗೆ ಹಿಂದಿರುಗಿಸಬೇಕೆನ್ನಿಸುತ್ತದೆ. ಎರಡು ಅಥವಾ ಐದನೆಯ ಬೆರಳಿಲ್ಲದೆ ನಾಯಿಗಳು ಸಲೀಸಾಗಿ ನಡೆಯುತ್ತವೆ, ಓಡುತ್ತವೆ. ಮೂರು ಅಥವಾ ನಾಲ್ಕನೆಯದನ್ನು ತೆಗೆದರೆ ನಡಿಗೆಯಲ್ಲಿ ವ್ಯತ್ಯಾಸ ಉಳಿಯಬಹುದು. ಅವೆರಡನ್ನೂ ಒಟ್ಟಿಗೆ ತೆಗೆಯುವುದು ಬೇರೆಯೇ ಗಂಭೀರ ವಿಷಯ.

ಇಂಥ ಶಸ್ತ್ರಚಿಕಿತ್ಸೆ ಮಾಡುವವರು ಮೈಸೂರಿನಲ್ಲಿದ್ದಾರೆ. ಹೆಚ್ಚಿನ ಸಲಹೆ ಬೇಕೆಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಎಕ್ಸ್-ರೇ ಹಾಳೆಗಳ ಜೊತೆ ನಿಮ್ಮ ನೋಟುಪುಸ್ತಕವನ್ನೂ ಕೊಂಡೊಯ್ಯಿರಿ. ಗ್ರೇಹೌಂಡ್‌ಗಳಲ್ಲಿ ಶಸ್ತ್ರಚಿಕಿತ್ಸೆಯಾದ ಕೂಡಲೇ ಎಲ್ಲ ಸರಿಯಿದ್ದು, ಒಂದೂವರೆ ಎರಡು ದಿನದ ನಂತರ ಗಾಯದಿಂದ ರಕ್ತ ಸೋರುವ ಗುಣ ಇದೆ. ಅದಕ್ಕೆ ಮುಂಚಿತವಾಗಿ ಔಷಧಿ ಕೊಡುವುದುಂಟು, ವೈದ್ಯರನ್ನು ಮೊದಲೇ ಕೇಳಿ. ಮುಧೋಳಕ್ಕೂ ಇದೇ ಎಚ್ಚರಿಕೆ ವಹಿಸಿದರೆ ಕಳೆದುಕೊಳ್ಳುವುದೇನಿಲ್ಲ: ಮೂರು ರಾತ್ರಿ ನಾಯಿಯ ಪಕ್ಕದಲ್ಲೇ ಮಲಗಿ, ಪಟ್ಟಿ ಒದ್ದೆಯಾಗಿದೆಯೇ ಎಂದು ಎದ್ದು ಎದ್ದು ನೋಡಿ. ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕನೆಯ ದಿನ.

ಎಲ್ಲ ಕುಂಟೂ ಕೀಲಿನದಲ್ಲ

ಹಳೆಯ ಬೆರಳಿನ ಕಥೆ ಗೊತ್ತಿರುವ ಮನೆಯಲ್ಲಿ ಕುಂಟಿದ ಕೂಡಲೇ "ಮತ್ತೆ ಅದೇ" ಎಂದುಕೊಳ್ಳುತ್ತೇವೆ. ಉಗುರು ಮೇಲ್ಮುಖವಾಗಿ ಎದ್ದು ನಿಂತಿದ್ದರೆ ಅಥವಾ ಬೆರಳು ಚಪ್ಪಟೆಯಾಗಿ ಕುಸಿದಿದ್ದರೆ ಹರಿದಿರುವುದು ಬೆರಳನ್ನು ಬಗ್ಗಿಸುವ ಸ್ನಾಯುರಜ್ಜು. ಅಲ್ಲಿ ಕೂರಿಸಲು ಏನೂ ಇಲ್ಲ. ಉಗುರಿನ ಬುಡ ಕೆಂಪಾಗಿ ಕೀವು ಬಂದರೆ ನಂಜು. ವಯಸ್ಸಾದ ನಾಯಿಯ ಬೆರಳು ಅಥವಾ ಕಾಲಿನ ಮೂಳೆ ಪೆಟ್ಟಿಲ್ಲದೆ ಊದಿ, ಕುಂಟು ದಿನದಿನಕ್ಕೆ ಹೆಚ್ಚುತ್ತಿದ್ದರೆ ಗಡ್ಡೆಯ ಶಂಕೆಯಿಂದ ತಡಮಾಡದೆ ಎಕ್ಸ್-ರೇ ಮಾಡಿಸಬೇಕು. ಗ್ರೇಹೌಂಡ್‌ಗಳಲ್ಲಿ ಮೂಳೆಯ ಕ್ಯಾನ್ಸರ್ ಬೇರೆ ತಳಿಗಳಿಗಿಂತ ಹೆಚ್ಚು.

ಇನ್ನೊಂದು ಆಣಿ. ನಮ್ಮ ಅಂಗಾಲಿಗೆ ಆಗುವಂತೆಯೇ ಈ ನಾಯಿಗಳ ಪಾದದ ಮೆತ್ತೆಯಲ್ಲೂ, ಹೆಚ್ಚಾಗಿ ಮೂರು ನಾಲ್ಕನೆಯ ಬೆರಳುಗಳ ಅಡಿಯಲ್ಲಿ, ಗಟ್ಟಿಯಾದ ದುಂಡನೆಯ ಆಣಿ ಬೆಳೆಯುತ್ತದೆ. ಗುರುತು ಸುಲಭ: ಟಾರು ರಸ್ತೆಯಲ್ಲಿ ಕುಂಟುವ ನಾಯಿ ಹುಲ್ಲಿನ ಮೇಲೆ ಚೆನ್ನಾಗಿ ನಡೆಯುತ್ತದೆ. ಪಕ್ಕದ ಬೆರಳಿಲ್ಲದ ಪಾದದಲ್ಲಿ ಉಳಿದವುಗಳ ಮೇಲೆ ಭಾರ ಹೆಚ್ಚು ಬೀಳುವುದರಿಂದ ಅದನ್ನು ಹುಡುಕಿ ನೋಡುತ್ತಿರಬೇಕು. ಶನಿವಾರ ರಾತ್ರಿ ಉಗುರು ತೆಗೆದಾದ ಮೇಲೆ ನಾನು ಚಿಗರಿಯ ಎಡ ಮುಂಗಾಲಿನ ಮೆತ್ತೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಾಲ್ಕನೆಯದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತೇನೆ. ಅವಳು ಕಾಲು ಎಳೆದುಕೊಳ್ಳದಿದ್ದರೆ ಆ ವಾರದ ಸಾಲಿನಲ್ಲಿ "ಸರಿ" ಎಂದು ಬರೆದು ದೀಪ ಆರಿಸುತ್ತೇನೆ.